ಫ್ರೆಂಡ್‌ಶಿಪ್ ಪೀಕ್: ಹಿಮ ಗಟ್ಟಿಯಿರುವಾಗಲೇ ಹತ್ತಿ ಇಳಿಯುವ ಲೆಕ್ಕ

ಪೀರ್ ಪಂಜಾಲ್ ಶ್ರೇಣಿಯ ಫ್ರೆಂಡ್‌ಶಿಪ್ ಪೀಕ್ 5,289 ಮೀಟರ್ ಎತ್ತರದ ಶಿಖರ. ಮನಾಲಿಯಿಂದ ಸೋಲಂಗ್ ದಾಟಿ ಧುಂಡಿವರೆಗೆ ಗಾಡಿ ಹೋಗುತ್ತದೆ. ಅಲ್ಲಿಂದ ಬಕರ್‌ಥಾಚ್ ಹುಲ್ಲುಗಾವಲು, ಅದರ ಮೇಲೆ ಸುಮಾರು 3,850 ಮೀಟರಿನಲ್ಲಿ ಲೇಡಿ ಲೆಗ್ ಕ್ಯಾಂಪ್. ಸುಲಭದ ಶಿಖರ ಎಂದು ಇದಕ್ಕೆ ಹೆಸರಿದೆ, ನಾನು ಒಪ್ಪುವುದಿಲ್ಲ. ಕೊನೆಯ ದಿನ ಒಂದೇ ಪಟ್ಟಿಗೆ 1,400 ಮೀಟರಿನಷ್ಟು ಏರಬೇಕು, ಬಿಸಿಲಿಗೆ ಹಿಮ ಮೆದುವಾಗುವುದರೊಳಗೆ ಇಳಿಯಲೂ ಬೇಕು.

ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮನಾಲಿ ಊರೇ ಎತ್ತರದಲ್ಲಿದೆ. ಹಾಗಾಗಿ ಮೈ ಆ ಎತ್ತರಕ್ಕೆ ಒಗ್ಗಲೆಂದು ಬಕರ್‌ಥಾಚ್‌ನಲ್ಲಿ ಎರಡು ರಾತ್ರಿ ಇಟ್ಟುಕೊಳ್ಳುತ್ತೇನೆ. ನಡುವಿನ ದಿನ ಲೇಡಿ ಲೆಗ್‌ಗೆ ಸಾಮಾನು ಮುಟ್ಟಿಸಿ ವಾಪಸ್. ತಲೆನೋವು ಬಿಡದಿದ್ದರೆ ಮೇಲೆ ಹೋಗುವುದಿಲ್ಲ. ನಡಿಗೆ ತೂರಾಡಿದರೆ ರಾತ್ರಿಯಾದರೂ ಸರಿ, ಆಗಲೇ ಕೆಳಗಿಳಿಸಬೇಕು.

ಹೊರಡುವುದು ರಾತ್ರಿ ಹನ್ನೆರಡರಿಂದ ಒಂದರೊಳಗೆ. ಬೆಳಗ್ಗೆ ಹತ್ತಕ್ಕೆ ಎಲ್ಲಿದ್ದೇವೋ ಅಲ್ಲಿಂದಲೇ ವಾಪಸ್, ತುದಿ ಕಣ್ಣೆದುರಿಗಿದ್ದರೂ. ಆಕಾಶ ತಿಳಿಯಾಗಿದ್ದ ರಾತ್ರಿ ಹಿಮ ತನ್ನ ಶಾಖ ಬಿಟ್ಟುಕೊಟ್ಟು ಗಟ್ಟಿ ಪದರ ಕಟ್ಟುತ್ತದೆ. ಮೋಡ ಮುಚ್ಚಿದರೆ ಆ ಶಾಖ ಅಷ್ಟಾಗಿ ಹೋಗುವುದಿಲ್ಲ, ಪದರವೂ ಸರಿಯಾಗಿ ಕಟ್ಟುವುದಿಲ್ಲ. ಹೊರಡುವ ಮುಂಚೆ ಟೆಂಟಿನಾಚೆ ಹತ್ತು ಹೆಜ್ಜೆ ನಡೆದು ನೋಡುತ್ತೇನೆ: ಬೂಟು ಹಿಮ್ಮಡಿ ಗಂಟಿನ ಮೇಲಕ್ಕೆ ಹೂತರೆ ಆ ದಿನ ರದ್ದು. ಮೆದು ಹಿಮದಲ್ಲಿ ಸುಸ್ತಾಗುವುದು ಸಣ್ಣ ಮಾತು. ಇಳಿಜಾರು ಕುಸಿಯುವುದೂ, ಹಿಮನದಿಯ ಬಿರುಕುಗಳನ್ನು ಮುಚ್ಚಿರುವ ಹಿಮಸೇತುವೆ ಮುರಿಯುವುದೂ ಆಗಲೇ. ಹೊಸ ಹಿಮ ಜೋರಾಗಿ ಬಿದ್ದಿದ್ದರೆ ಕನಿಷ್ಠ ಒಂದು ಪೂರ್ತಿ ದಿನ ಕಾಯುತ್ತೇನೆ. ಆಮೇಲೂ ಇಳಿಜಾರು ನೋಡಿಯೇ ತೀರ್ಮಾನ.

ಕ್ರಾಂಪಾನ್, ಅಂದರೆ ಬೂಟಿನಡಿ ಕಟ್ಟುವ ಲೋಹದ ಮೊಳೆಗಳ ಚೌಕಟ್ಟು, ಇದರ ಅಳತೆಯನ್ನು ಹಗಲಲ್ಲೇ, ಬರಿಗೈಯಲ್ಲೇ ಹೊಂದಿಸಿಡಬೇಕು. ಪಟ್ಟಿ ಕಟ್ಟದೆ ಬೂಟನ್ನು ಎತ್ತಿ ಅಲ್ಲಾಡಿಸಿದಾಗಲೂ ಅದು ಕಚ್ಚಿಕೊಂಡಿರಬೇಕು. ಬಕಲ್ ಕಾಲಿನ ಹೊರಬದಿಗಿರಲಿ, ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿ. ಇಲ್ಲದಿದ್ದರೆ ಇನ್ನೊಂದು ಕಾಲಿನ ಮೊಳೆ ಅದಕ್ಕೇ ಸಿಕ್ಕುತ್ತದೆ. ಅಡಿಯಲ್ಲಿ ಹಿಮದ ಉಂಡೆ ಕಟ್ಟತೊಡಗಿದರೆ ಐಸ್ ಆ್ಯಕ್ಸ್ (ಹಿಮಗೊಡಲಿ) ಹಿಡಿಯಿಂದ ಬೂಟಿನ ಬದಿಗೆ ತಟ್ಟುತ್ತಾ ನಡೆಯಬೇಕು.

ಬಿರುಕುಗಳಿರುವ ಹಿಮನದಿಯಲ್ಲಿ ಮೂವರು ಒಂದೇ ಹಗ್ಗಕ್ಕೆ, ನಡುವೆ ಹತ್ತು ಹನ್ನೆರಡು ಮೀಟರ್ ಅಂತರ. ಹಗ್ಗ ಸಡಿಲವಾಗಿ ಎಳೆದಾಡಿದರೆ ಬಿದ್ದವನು ಅಷ್ಟು ಹೆಚ್ಚು ಆಳಕ್ಕೆ ಹೋಗುತ್ತಾನೆ. ತುದಿಯ ಕೆಳಗಿನ ಕಡಿದಾದ ಗಟ್ಟಿ ಹಿಮದಲ್ಲಿ ಲೆಕ್ಕವೇ ಬೇರೆ: ಹಗ್ಗವನ್ನು ಹಿಮಕ್ಕೆ ಭದ್ರವಾಗಿ ಹಿಡಿದಿಡುವ ಆಂಕರ್ ಇಲ್ಲದೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡರೆ ಒಬ್ಬ ಜಾರಿದಾಗ ಎಲ್ಲರೂ ಹೋಗುತ್ತಾರೆ. ಅಲ್ಲಿ ಸ್ನೋ ಬಾರ್ (ಹಿಮಕ್ಕೆ ಹೊಡೆಯುವ ಲೋಹದ ಗೂಟ) ಹೊಡೆದು ಹಗ್ಗ ಬಿಗಿದುಕೊಳ್ಳುತ್ತೇವೆ. ಜಾರಿದಾಗ ಆ್ಯಕ್ಸ್ ಒತ್ತಿ ನಿಲ್ಲುವ ಅಭ್ಯಾಸ ಕ್ಯಾಂಪಿನ ಬಳಿ ಎಲ್ಲರಿಗೂ ಕಡ್ಡಾಯ. ಕ್ರಾಂಪಾನ್ ಇದ್ದರೆ ಮಂಡಿ ಮಡಚಿ ಪಾದ ಮೇಲೆತ್ತಬೇಕು. ಮೊಳೆ ಹಿಮಕ್ಕೆ ಕಚ್ಚಿದರೆ ದೇಹ ಪಲ್ಟಿ ಹೊಡೆಯುತ್ತದೆ.

ಬೆನ್ನುಚೀಲದೊಳಗಿನ ನೀರಿನ ಚೀಲದಿಂದ ಹೀರುವ ಪೈಪ್ ಹೆಪ್ಪುಗಟ್ಟುತ್ತದೆ, ನೆಚ್ಚಿಕೊಳ್ಳಬೇಡಿ. ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ, ಉಣ್ಣೆ ಕಾಲುಚೀಲ ಹಾಕಿ, ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೊದಲು ಮೇಲ್ಭಾಗದಲ್ಲಿ ಕಟ್ಟುವುದರಿಂದ ಕೆಳಗಿರುವ ಮುಚ್ಚಳ ಹೆಪ್ಪುಗಟ್ಟದೆ ತೆರೆಯಲು ಬರುತ್ತದೆ.

ತುದಿಯಿಂದ ದೇವ್ ಟಿಬ್ಬಾ, ಇಂದ್ರಾಸನ, ಹನುಮಾನ್ ಟಿಬ್ಬಾ ಎಲ್ಲವೂ ಕಾಣುತ್ತವೆ, ಕಣ್ತುಂಬ ನೋಡಿ. ಆದರೆ ಹದಿನೈದು ನಿಮಿಷಕ್ಕೆ ಹೊರಟುಬಿಡಿ. ಇಳಿಯುವಾಗ ಕೂತು ಜಾರುವ ಆಸೆ ಎಲ್ಲರಿಗೂ ಬರುತ್ತದೆ. ಕೆಳಗೆ ಬಂಡೆಯಾಗಲಿ ಬಿರುಕಾಗಲಿ ಇಲ್ಲದ, ಸಮತಟ್ಟಿಗೆ ಮುಗಿಯುವ ಇಳಿಜಾರಿನಲ್ಲಿ ಮಾತ್ರ, ಅದೂ ಕ್ರಾಂಪಾನ್ ಬಿಚ್ಚಿಯೇ ಜಾರಿ. ಬಿಚ್ಚದೆ ಜಾರಿದರೆ ಮೊಳೆ ಸಿಕ್ಕಿ ಕಾಲಿನ ಮೂಳೆ ಮುರಿಯಬಹುದು.