ಎರಡನೆಯ ಅರ್ಜಿಗೆ ದೊರೆತ ಫೆಲೋಶಿಪ್: ನನ್ನ ಅನುಭವ

ದೇಶದ ಒಟ್ಟು ಉತ್ಪಾದನೆ, ಆದಾಯಗಳನ್ನು ಅಂದಾಜಿಸುವ ರಾಷ್ಟ್ರೀಯ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವವರಿಗೆ ಸಂಶೋಧನಾ ಸಮ್ಮೇಳನಕ್ಕೆ ಹೋಗುವ ಅವಕಾಶ ತಾನಾಗಿ ಒದಗುವುದಿಲ್ಲ. ಕಚೇರಿಯ ಪ್ರಯಾಣ ವೆಚ್ಚವೆಲ್ಲ ಅಧಿಕೃತ ಸಭೆಗಳಿಗೇ ಮುಗಿದುಹೋಗುತ್ತದೆ. 1947ರಲ್ಲಿ ಸ್ಥಾಪನೆಯಾದ, ಆದಾಯ ಮತ್ತು ಸಂಪತ್ತಿನ ಸಂಶೋಧನೆಗೆ ಮೀಸಲಾದ ಅಂತಾರಾಷ್ಟ್ರೀಯ ಸಂಘವು ಎರಡು ವರ್ಷಕ್ಕೊಮ್ಮೆ ಮಹಾಸಮ್ಮೇಳನ ನಡೆಸುತ್ತದೆ. ಅಲ್ಲಿ ಮಂಡನೆಯಾದಂಥ ಪ್ರಬಂಧಗಳನ್ನು ಓದಿಯೇ ನಾನು ಈ ವೃತ್ತಿಯ ಸೂಕ್ಷ್ಮಗಳನ್ನು ಕಲಿತದ್ದು. ಆದ್ದರಿಂದ, ಇಂಥದೊಂದು ಸಮ್ಮೇಳನಕ್ಕೆ ಬರುವ ಸಂಖ್ಯಾಶಾಸ್ತ್ರಜ್ಞರ ಪ್ರಯಾಣ ಮತ್ತು ವಸತಿಯ ವೆಚ್ಚ ಭರಿಸುವ ಫೆಲೋಶಿಪ್ ಇದೆಯೆಂದು ತಿಳಿದ ದಿನವೇ ಅರ್ಜಿ ಬರೆಯಲು ಕುಳಿತೆ.

ಆ ಮೊದಲ ಅರ್ಜಿ ತಿರಸ್ಕೃತವಾಯಿತು. ಕಾರಣ ತಿಳಿಸಿರಲಿಲ್ಲ, ಮನಸ್ಸಿಗೆ ನೋವೂ ಆಯಿತು. ಕೆಲವು ತಿಂಗಳ ನಂತರ, ಅರ್ಜಿಯಲ್ಲಿ ಕೊಟ್ಟಿದ್ದ ನನ್ನ ಪ್ರಬಂಧದ ಸಾರಾಂಶವನ್ನು ಮತ್ತೆ ಓದಿದಾಗ ಕಾರಣ ತಾನಾಗಿ ಹೊಳೆಯಿತು. ಬೆಳವಣಿಗೆಯನ್ನು ಅಳೆಯುವ ಸವಾಲುಗಳ ಬಗ್ಗೆ ನಾನು ಬರೆದಿದ್ದನ್ನು ಪಠ್ಯಪುಸ್ತಕ ಓದಿದ ಯಾರಾದರೂ ಬರೆಯಬಹುದಿತ್ತು. ಪ್ರತಿ ವರ್ಷ ಅಂದಾಜು ತಯಾರಿಸುವವರಿಗೆ ಮಾತ್ರ ಗೊತ್ತಿರುವ ಸಂಗತಿ ಅದರಲ್ಲಿ ಒಂದೂ ಇರಲಿಲ್ಲ.

ಎರಡನೆಯ ಬಾರಿ ನನ್ನ ಮೇಜಿನ ಮೇಲಿದ್ದ ಒಂದೇ ಸಮಸ್ಯೆಯನ್ನು ಆರಿಸಿಕೊಂಡೆ. ಒಂದು ಉದ್ಯಮದ ಉತ್ಪಾದನೆ 100, ಮಧ್ಯಂತರ ಬಳಕೆ (ತಯಾರಿಕೆಯಲ್ಲಿ ಬಳಸಿ ಮುಗಿಯುವ ಕಚ್ಚಾವಸ್ತು ಮೊದಲಾದವುಗಳ ಮೌಲ್ಯ) 60, ಇವೆರಡರ ವ್ಯತ್ಯಾಸವಾದ ಮೌಲ್ಯವರ್ಧನೆ 40 ಎಂದಿಟ್ಟುಕೊಳ್ಳೋಣ. ಮರುವರ್ಷ ಪ್ರಮಾಣದಲ್ಲಿ ಏನೂ ಬದಲಾಗದೆ, ಉತ್ಪನ್ನದ ಬೆಲೆ ಶೇ. 5ರಷ್ಟು ಏರಿ ಕಚ್ಚಾವಸ್ತುವಿನ ಬೆಲೆ ಶೇ. 10ರಷ್ಟು ಇಳಿದರೆ, ಆ ವರ್ಷದ ಬೆಲೆಯಲ್ಲಿ ಮೌಲ್ಯವರ್ಧನೆ 105ರಲ್ಲಿ 54 ಕಳೆದು 51 ಆಗುತ್ತದೆ. ಬೆಲೆ ಬದಲಾವಣೆಯ ಪರಿಣಾಮವನ್ನು ತೆಗೆಯಲು ಇದನ್ನು ಉತ್ಪನ್ನದ ಬೆಲೆ ಸೂಚ್ಯಂಕವೊಂದರಿಂದಲೇ (ಇಲ್ಲಿ 1.05) ಭಾಗಿಸಿದರೆ ಸುಮಾರು 48.6 ಬಂದು, ಇಲ್ಲದ ಬೆಳವಣಿಗೆ ಶೇ. 21ಕ್ಕೂ ಹೆಚ್ಚಾಗಿ ಕಾಣುತ್ತದೆ. ಉತ್ಪಾದನೆ ಮತ್ತು ಬಳಕೆ ಎರಡನ್ನೂ ಅವುಗಳದೇ ಸೂಚ್ಯಂಕಗಳಿಂದ ಬೇರೆಬೇರೆಯಾಗಿ ಸ್ಥಿರ ಬೆಲೆಗೆ (ಇಲ್ಲಿ ಮೊದಲ ವರ್ಷದ ಬೆಲೆಗೆ) ತಂದು ಕಳೆಯುವ ಡಬಲ್ ಡಿಫ್ಲೇಷನ್ ವಿಧಾನದಲ್ಲಿ ಉತ್ತರ 40 ಆಗಿಯೇ ಉಳಿಯುತ್ತದೆ. ಕಚ್ಚಾವಸ್ತುಗಳ ಬೆಲೆ ಮಾಹಿತಿ ಅರೆಬರೆಯಾಗಿರುವಾಗ ಈ ವಿಧಾನವನ್ನು ಎಷ್ಟರಮಟ್ಟಿಗೆ ಅನುಸರಿಸಬಹುದು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಸಾರಾಂಶದಲ್ಲಿ ಮೊದಲ ವಾಕ್ಯದಿಂದಲೇ ಅದನ್ನು ಇಟ್ಟೆ. ಯಾವ ದತ್ತಾಂಶ ನನ್ನ ಬಳಿ ಇದೆ, ಯಾವುದು ಇಲ್ಲ ಎಂಬುದನ್ನೂ ಮರೆಮಾಚದೆ ಬರೆದೆ. ಈ ಬಾರಿ ಆಯ್ಕೆಯಾದೆ.

ಮುಖ್ಯಸ್ಥರ ಶಿಫಾರಸು ಪತ್ರ, ರಜೆ, ವೀಸಾ ಇವೆಲ್ಲ ಹೆಚ್ಚು ತೊಡಕಿಲ್ಲದೆ ಮುಗಿದವು. ತಡವಾದದ್ದು ದತ್ತಾಂಶದ ಅನುಮತಿ. ಸಮೀಕ್ಷೆಯ ಘಟಕವಾರು ಮಾಹಿತಿಯನ್ನು ಗೌಪ್ಯತೆಯ ನಿಯಮಗಳ ಕಾರಣದಿಂದ ಹೊರಗೆ ಒಯ್ಯುವಂತಿಲ್ಲವಾದ್ದರಿಂದ, ಯಾವ ಕೋಷ್ಟಕವನ್ನು ಪ್ರಕಟಿಸಬಹುದೆಂದು ಒಂದೊಂದಾಗಿ ಒಪ್ಪಿಗೆ ಪಡೆಯಬೇಕಾಯಿತು. ಅರ್ಜಿ ಹಾಕುವ ಮೊದಲೇ ಇದನ್ನು ಕೇಳಿಕೊಳ್ಳಿ ಎಂದು ಕಿರಿಯ ಸಹೋದ್ಯೋಗಿಗಳಿಗೆ ಈಗ ಒತ್ತಿ ಹೇಳುತ್ತೇನೆ, ಏಕೆಂದರೆ ಪೂರ್ಣ ಪ್ರಬಂಧವನ್ನು ಚರ್ಚಕರು (ಅದನ್ನು ಮೊದಲೇ ಓದಿ ಸಮ್ಮೇಳನದಲ್ಲಿ ವಿಮರ್ಶಿಸುವವರು) ಓದಲು ಸಮ್ಮೇಳನಕ್ಕೆ ಬಹಳ ಮುಂಚೆಯೇ ಕಳುಹಿಸಬೇಕಾಗುತ್ತದೆ.

ನನ್ನ ಪ್ರಬಂಧದ ಚರ್ಚಕರು ಅದನ್ನು ಕೋಷ್ಟಕದಿಂದ ಕೋಷ್ಟಕಕ್ಕೆ ಓದಿಕೊಂಡು ಬಂದಿದ್ದರು. ಬಳಕೆಯ ಬೆಲೆ ಸೂಚ್ಯಂಕದಲ್ಲೇ ತಪ್ಪಿದ್ದರೆ ಏನಾಗುತ್ತದೆ ಎಂದು ಅವರು ಕೇಳಿದಾಗ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಮೌಲ್ಯವರ್ಧನೆ ಕಳೆದು ಉಳಿದ ಮೊತ್ತವಾದ್ದರಿಂದ ತಪ್ಪು ಅದರಲ್ಲಿ ಹಿಗ್ಗುತ್ತದೆ: 60ರ ಬಳಕೆಯಲ್ಲಿ ಶೇ. 1ರ ದೋಷವೆಂದರೆ 0.6, ಅದು 40ರ ಮೌಲ್ಯವರ್ಧನೆಯಲ್ಲಿ ಶೇ. 1.5. ಡಬಲ್ ಡಿಫ್ಲೇಷನ್ನಿನ ಪರವಾಗಿ ವಾದಿಸಲು ಹೋದ ನಾನು, ಅದು ಯಾವ ಉದ್ಯಮಕ್ಕೆ ಸಲ್ಲುತ್ತದೆ, ಯಾವುದಕ್ಕೆ ಇನ್ನೂ ಸಲ್ಲುವುದಿಲ್ಲ ಎಂಬ ಪಟ್ಟಿ ಬರೆದುಕೊಂಡು ಮರಳಿದೆ. ಕಚೇರಿಯಲ್ಲಿ ವರ್ಷಗಟ್ಟಲೆ ನಮ್ಮನಮ್ಮಲ್ಲೇ ಮಾತಾಡಿಕೊಂಡಿದ್ದರೂ ಆ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಈಗ ಪ್ರತಿ ವಾರ್ಷಿಕ ಅಂದಾಜಿನ ಜೊತೆ ಆ ದೋಷದ ಲೆಕ್ಕವನ್ನೂ ಮಾಡಿ, ಅಂಕಿಗಳು ಪ್ರಕಟಣೆಗೆ ಹೋಗುವ ಮೊದಲು ಕಡತದಲ್ಲಿ ಸೇರಿಸುತ್ತೇವೆ.