ಮಳೆಗೂ ಧೂಳಿಗೂ ಒಂದೇ ರೈಫಲ್: ಬೆಳೆ ಕಾವಲಿಗೆ ನಾನು .315 ಆರಿಸಿಕೊಂಡ ಬಗೆ

ಖಾನಾಪುರ ತಾಲ್ಲೂಕಿನಲ್ಲಿ ಜಾಂಬೋಟಿಯನ್ನು ದಾಟಿ ಕಣಕುಂಬಿಯ ಕಡೆಗೆ ಹೋದಂತೆ ಮಳೆ ಹೆಚ್ಚುತ್ತ ಹೋಗುತ್ತದೆ. ಮಲಪ್ರಭೆ ಹುಟ್ಟುವ ಆ ಸೆರಗಿನಲ್ಲಿ ಮಿರಗದ ಮಳೆ ಹಿಡಿದರೆ ನವರಾತ್ರಿ ಹತ್ತಿರವಾಗುವವರೆಗೂ ಮನೆಯೊಳಗಿನ ಕಬ್ಬಿಣಕ್ಕೆ ಸಹ ತೇವ ತಪ್ಪುವುದಿಲ್ಲ. ನಮ್ಮ ಭತ್ತದ ಗದ್ದೆಗಳೂ ಸ್ವಲ್ಪ ಕಬ್ಬೂ ಇರುವುದು ಅಲ್ಲಿಯೇ. ಕುಟುಂಬದ ಇನ್ನೊಂದು ಹೊಲ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಕಡೆ ಎರೆ ಭೂಮಿಯಲ್ಲಿದ್ದು, ಅಲ್ಲಿನ ತೊಂದರೆ ಬೇಸಿಗೆಯ ಕಾವು ಮತ್ತು ಹಿಟ್ಟಿನಂತಹ ಕರಿ ಧೂಳು. ಈ ಎರಡೂ ಕಡೆಗೆ ನಂಬಿ ಒಯ್ಯಬಹುದಾದ ಒಂದೇ ಆಯುಧ ನನಗೆ ಬೇಕಾಗಿತ್ತು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶೌಕಿನ ಬೇಟೆಗೆ ನಮ್ಮಲ್ಲಿ ಅವಕಾಶವಿಲ್ಲ. ಬೆಳೆ ರಕ್ಷಣೆಗೆಂದು ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ಬೆಳೆಗೆ ನುಗ್ಗುವ ಕಾಡುಹಂದಿಯನ್ನು ಹೊಡೆಯುವ ಹಕ್ಕು ಬರುವುದಿಲ್ಲ. ನಿಂತ ಬೆಳೆಗೆ ಅಪಾಯವಾದಾಗ ಕಾಯ್ದೆಯ 11ನೇ ಕಲಮಿನ ಅಡಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಡಬೇಕು. ಹಾಗೆ ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತೇ ಆಗುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ, ಅಂದರೆ ಈಗಲೂ ಸಂರಕ್ಷಿತ ಪ್ರಾಣಿಯೇ. ಭೀಮಗಡ ವನ್ಯಜೀವಿ ಧಾಮದ ನೆರೆಯಲ್ಲಿ ಕೃಷಿ ಮಾಡುವವರು ಈ ವಿಷಯದಲ್ಲಿ ಸಡಿಲರಾಗುವುದು ತರವಲ್ಲ. ವರ್ಷದ ಬಹುಪಾಲು ನನ್ನ ರೈಫಲ್ ಕಪಾಟಿನಲ್ಲಿಯೇ ಇರುತ್ತದೆ, ಮತ್ತು ಅಲ್ಲಿದ್ದುಕೊಂಡೇ ಕೆಡದಂತೆ ಅದನ್ನು ಕಾಪಾಡುವುದು ಅದನ್ನು ಬಳಸುವುದಕ್ಕಿಂತ ದೊಡ್ಡ ಕೆಲಸ.

ಯಾವ ಬೋರ್, ಅಂದರೆ ನಳಿಗೆಯ ಒಳ ಅಗಲ ಎಷ್ಟಿರಬೇಕು ಎಂಬ ಪ್ರಶ್ನೆಯಲ್ಲಿ ಆಯ್ಕೆ ಹೊರಗಿನವರು ತಿಳಿದಷ್ಟು ವಿಶಾಲವಾಗಿಲ್ಲ. ಪರದೇಶದ ಬಂದೂಕುಗಳ ಆಮದು ಸಾಮಾನ್ಯರಿಗೆ 1980ರ ದಶಕದಿಂದಲೇ ಮುಚ್ಚಿದೆ; ಹಳೆಯ ವಿಲಾಯತಿ ರೈಫಲ್‌ಗಳು ಕೈಬದಲಾಗುತ್ತ ಬರುತ್ತವೆ, ಬೆಲೆ ಮಾತ್ರ ಮುಟ್ಟುವಂತಿರುವುದಿಲ್ಲ. .303 ಮತ್ತು 7.62 ನ್ಯಾಟೋ ಸೇನೆಯ ಬೋರ್‌ಗಳಾದ್ದರಿಂದ ನಿಷೇಧಿತ ವರ್ಗಕ್ಕೆ ಸೇರುತ್ತವೆ. .22 ಗುರಿ ಅಭ್ಯಾಸಕ್ಕೆ ಒಳ್ಳೆಯದು, ಆದರೆ ಬೆಳೆದ ಹಂದಿಯನ್ನು ಗಾಯಗೊಳಿಸಿ ಓಡಿಸುವುದು ಕ್ರೌರ್ಯವೂ ಹೌದು, ಅಪಾಯವೂ ಹೌದು. ಹೀಗಾಗಿ ಉಳಿಯುವುದು ಮೂರು: 12 ಬೋರ್ ಬಂದೂಕು, .315 ರೈಫಲ್ ಮತ್ತು .30-06 ರೈಫಲ್.

ಈ ಮೂರರಲ್ಲಿ ಹೆಚ್ಚಿನ ರೈತರಿಗೆ ನಾನು ಇಂದಿಗೂ 12 ಬೋರ್ ಜೋಡುನಳಿಗೆಯನ್ನೇ ಸೂಚಿಸುತ್ತೇನೆ. ಸಮತಟ್ಟಾದ ಕಬ್ಬಿನ ಹೊಲದಲ್ಲಿ, ಸುತ್ತ ಗುಡಿಸಲು ಮತ್ತು ಕಾಲುದಾರಿಗಳಿರುವಲ್ಲಿ, ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಳಷ್ಟು ದೂರ ಹೋಗಬಲ್ಲದು. ನಮ್ಮ ಗದ್ದೆಗಳ ಸ್ಥಿತಿ ಬೇರೆ. ಅವು ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿವೆ, ಅಟ್ಟಣಿಗೆ ಮೇಲ್ಭಾಗದಲ್ಲಿದೆ, ಅಲ್ಲಿಂದ ಹೊಡೆದ ಗುಂಡು ಕೆಳಗಿನ ಮಣ್ಣಿನ ಬದುವಿಗೇ ಹೋಗಿ ಹೂತುಕೊಳ್ಳುತ್ತದೆ. ಜೊತೆಗೆ ಅಂತರ ಎಂಬತ್ತು, ನೂರು ಮೀಟರ್ ಆಗುತ್ತದೆ. 12 ಬೋರಿನ ಎಲ್‌ಜಿ ಎಂಬ ದಪ್ಪ ಛರ್ರೆ ನಲವತ್ತು ಮೀಟರ್ ದಾಟಿದ ಮೇಲೆ ಚದುರಿ ಹೋಗಿ, ಪ್ರಾಣಿಯನ್ನು ಕೊಲ್ಲುವ ಬದಲು ನರಳಿಸುತ್ತದೆ. ಹಿಂದೆ ಮಣ್ಣಿನ ತಡೆ ಇಲ್ಲದ ಕಡೆಗೆ ರೈಫಲ್ ಹಿಡಿಯಬಾರದು ಎಂಬುದನ್ನು ನಾನು ನಿಯಮವಾಗಿ ಇಟ್ಟುಕೊಂಡಿದ್ದೇನೆ. ಬೀಳಗಿಯ ಬಯಲಿನಲ್ಲಿ ಆ ಕಾರಣಕ್ಕೆ ಅದು ಚೀಲದಿಂದ ಹೊರಬರುವ ಸಂದರ್ಭ ತೀರ ಕಡಿಮೆ.

.30-06 ಅಮೆರಿಕದ ಸೇನೆ 1906ರಲ್ಲಿ ಒಪ್ಪಿಕೊಂಡ ಕಾಡತೂಸು. ವೇಗ ಮತ್ತು ನೇರ ಹಾದಿಯಲ್ಲಿ ಅದು .315ಕ್ಕಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ, ಮತ್ತು ಇನ್ನೂರು ಮೀಟರಿನ ಆಚೆ ಹೊಡೆಯಬೇಕಾದವನು ಅದನ್ನೇ ತೆಗೆದುಕೊಳ್ಳಲಿ. .315 ಮೂಲದಲ್ಲಿ ಆಸ್ಟ್ರಿಯಾದ 8 ಮಿಲಿಮೀಟರ್ ಮಾನ್‌ಲಿಖರ್ ಕಾಡತೂಸು. ಬ್ರಿಟಿಷರ ಕಾಲದಲ್ಲಿ ಹಿಂದುಸ್ತಾನದ ನಾಗರಿಕರಿಗೆ .303 ನಿಷಿದ್ಧವಾಗಿದ್ದರಿಂದ ಇಂಗ್ಲೆಂಡಿನ ಬಿಎಸ್‌ಎ ಕಂಪನಿ .315ಕ್ಕೆ ಹೊಂದುವ ರೈಫಲ್‌ಗಳನ್ನು ಇಲ್ಲಿಗೆ ಕಳಿಸಿತು, ಸ್ವಾತಂತ್ರ್ಯದ ನಂತರ ಇಚ್ಛಾಪುರದ ರೈಫಲ್ ಕಾರ್ಖಾನೆ ಆ ಬೋರನ್ನು ಮುಂದುವರಿಸಿತು. ಗುಂಡು ಭಾರವಾದದ್ದು, 244 ಗ್ರೇನ್, ಅಂದರೆ ಸುಮಾರು 16 ಗ್ರಾಂ; ನಿಧಾನವಾಗಿ ಹೋಗುತ್ತದೆ, ನೂರು ಮೀಟರಿನೊಳಗೆ ತನ್ನ ಕೆಲಸವನ್ನು ಪೂರ್ತಿ ಮಾಡುತ್ತದೆ. ನನ್ನ ಕೆಲಸಕ್ಕೆ ಅಷ್ಟು ಸಾಕು. ಅದಕ್ಕಿಂತ ಮುಖ್ಯವಾದದ್ದೆಂದರೆ, ಅಂಗಡಿಯಲ್ಲಿ ಕೇಳಿದಾಗ .315 ಕಾಡತೂಸು ಸಿಗುವ ಸಾಧ್ಯತೆ .30-06ಕ್ಕಿಂತ ಹೆಚ್ಚು. ಕಾಡತೂಸು ಸಿಗದ ರೈಫಲ್‌ಗೆ ಯಾವ ಹವಾಮಾನವೂ ಹೊಂದುವುದಿಲ್ಲ.

ಯಂತ್ರದ ರಚನೆಯೂ ನನ್ನ ನಿರ್ಧಾರಕ್ಕೆ ಕಾರಣವಾಯಿತು. ಇಚ್ಛಾಪುರದ .315, ಸೇನೆಯ ಹಳೆಯ .303 ರೈಫಲ್ ಆದ ಲೀ ಎನ್‌ಫೀಲ್ಡ್ ಮಾದರಿಯ ಬೋಲ್ಟ್ ರೈಫಲ್; ಬೋಲ್ಟ್ ಎಂದರೆ ಕಾಡತೂಸು ತುಂಬಲು ಕೈಯಿಂದ ಹಿಂದೆ ಮುಂದೆ ಸರಿಸುವ ಅಗುಳಿ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿರುವ ಬೆಳಗಾವಿಯಲ್ಲಿ ನಿವೃತ್ತ ಸೈನಿಕರು ಓಣಿಗೊಬ್ಬರು ಇದ್ದಾರೆ, ಅವರಲ್ಲಿ ಹಿರಿಯರಿಗೆ ಈ ಬೋಲ್ಟ್ ಕೈಗೆ ರೂಢಿಯಾದದ್ದು. ನನಗೆ ಅದನ್ನು ಬಿಚ್ಚಿ ಜೋಡಿಸಲು ಕಲಿಸಿದವರೂ ಅಂಥ ಒಬ್ಬ ಸುಬೇದಾರ ಕಾಕಾ. ಹೊಡೆಯುವಾಗ ಬೋಲ್ಟನ್ನು ಬಿಗಿದು ಹಿಡಿಯುವ ಕಿವಿಗಳು ಅದರ ಹಿಂಭಾಗದಲ್ಲಿವೆ. ಅತಿ ಹೆಚ್ಚಿನ ಒತ್ತಡದ ಕಾಡತೂಸುಗಳಿಗೆ ಅದು ದೋಷವೆನ್ನಬಹುದು, ಆದರೆ .315ರ ಸಾಧಾರಣ ಒತ್ತಡಕ್ಕೆ ತೊಡಕಿಲ್ಲ. ಮಣ್ಣು, ಕಸ ಸೇರಿದರೂ ಒರೆಸಿ ತೆಗೆಯುವುದು ಸುಲಭ. ಕಾಡತೂಸಿನ ಬುಡಕ್ಕೆ ಅಂಚು ಇರುವುದರಿಂದ ಅದು ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡಿನಲ್ಲಿ) ಆ ಅಂಚಿನ ಮೇಲೆಯೇ ನಿಲ್ಲುತ್ತದೆ. ಇದರ ಒಂದು ಕಿರಿಕಿರಿಯೂ ಉಂಟು: ಮ್ಯಾಗಜೀನಿಗೆ ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು, ಇಲ್ಲವಾದರೆ ಒಂದಕ್ಕೊಂದು ಸಿಕ್ಕಿಕೊಂಡು ಬೋಲ್ಟ್ ಮುಂದೆ ಹೋಗುವುದಿಲ್ಲ. ಬೆಳಕಿರುವಾಗಲೇ ನೋಡಿ ತುಂಬುವುದು ಲೇಸು.

ಖರೀದಿಯ ದಿನ ನಾನು ಹೊಳಪನ್ನು ನೋಡಲಿಲ್ಲ. ಬೋಲ್ಟಿನ ಮೇಲಿನ ಸಂಖ್ಯೆ ರೈಫಲ್ಲಿನ ಸಂಖ್ಯೆಗೆ ತಾಳೆಯಾಗುತ್ತದೆಯೇ, ನಳಿಗೆಯ ಬಾಯಿಯ ಅಂಚಿನಲ್ಲಿ ಗೀರು ಇದೆಯೇ, ಬಿಳಿ ಅರಿವೆ ಹಾಯಿಸಿದಾಗ ಕೆಂಪು ಬರುತ್ತದೆಯೇ, ಗುರಿ ಹಿಡಿಯುವ ಮುಂದಿನ ಸೈಟ್ ಅಲುಗುತ್ತದೆಯೇ ಎಂದು ಸಾವಕಾಶವಾಗಿ ಪರೀಕ್ಷಿಸಿದೆ. ಟ್ರಿಗರ್ ಭಾರವಾಗಿಯೇ ಇತ್ತು. ಅದನ್ನು ಉಜ್ಜಿ ಹಗುರ ಮಾಡಿಸುವ ಸಲಹೆಯನ್ನು ಅಂಗಡಿಯಲ್ಲಿದ್ದ ಒಬ್ಬರು ಕೊಟ್ಟರು. ಒದ್ದೆ ಕೈಯಲ್ಲಿ ಹಿಡಿಯುವ ರೈಫಲ್‌ಗೆ ಭಾರವಾದ ಟ್ರಿಗರೇ ಇರಲಿ ಎಂದು ಬಿಟ್ಟೆ. ದುರ್ಬೀನನ್ನೂ ಹಾಕಿಸಲಿಲ್ಲ. ಕಣಕುಂಬಿಯ ಮಂಜಿನಲ್ಲಿ ಗಾಜು ಮಬ್ಬಾಗುತ್ತದೆ, ಕಬ್ಬಿಣದ ಸೈಟಿಗೆ ಆ ತೊಂದರೆ ಇಲ್ಲ. ಮುಂದಿನ ಸೈಟಿನ ತುದಿಗೆ ಒಂದು ಚುಕ್ಕೆ ಬಿಳಿ ಬಣ್ಣ ಹಚ್ಚಿದರೆ ಮುಸ್ಸಂಜೆಯಲ್ಲಿಯೂ ಕಾಣುತ್ತದೆ.

ಮಳೆಗಾಲದಲ್ಲಿ ನಿಜವಾಗಿ ಕೈಕೊಡುವುದು ಕಬ್ಬಿಣಕ್ಕಿಂತ ಹೆಚ್ಚಾಗಿ ಕಟ್ಟಿಗೆ. ತೇವ ಕುಡಿದ ಕಟ್ಟಿಗೆ ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತುತ್ತದೆ, ಬೇಸಿಗೆಯಲ್ಲಿ ಸರಿಯಾಗಿದ್ದ ಗುರಿ ಶ್ರಾವಣದಲ್ಲಿ ಸರಿದಿರುತ್ತದೆ. ನಮ್ಮ ಭಾಗದಲ್ಲಿ ಇದರ ಔಷಧ ಹುಡುಕಿಕೊಂಡು ಹೋಗಬೇಕಾಗಿಲ್ಲ: ಚಟ್ನಿಪುಡಿಗೆ ಬಳಸುವ ಅಗಸೆಯ ಎಣ್ಣೆಯೇ ಅದಕ್ಕೂ ಬೇಕಾದದ್ದು. ಹಸಿ ಎಣ್ಣೆ ಒಣಗಲು ಬಹಳ ತಡಮಾಡುವುದರಿಂದ ಬಣ್ಣದ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ಬಿಸಿಲಿನ ತಿಂಗಳಲ್ಲಿ ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚುತ್ತೇನೆ. ಕಟ್ಟಿಗೆಯ ಹೊರಮೈಗೆ ಹಚ್ಚಿ ಬಿಟ್ಟರೆ ಪ್ರಯೋಜನವಿಲ್ಲ. ನಳಿಗೆ ಕುಳಿತುಕೊಳ್ಳುವ ಒಳಗಿನ ಕಾಲುವೆಗೂ ಹೆಗಲಿಗೆ ಒತ್ತುವ ಬಟ್ ಪ್ಲೇಟಿನ ಕೆಳಗಿನ ತುದಿಗೂ ಹಚ್ಚಬೇಕು, ನೀರು ಒಳಸೇರುವುದು ಅಲ್ಲಿಂದಲೇ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಒಗೆಯಬಾರದು, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಒಣಹಾಕಬೇಕು ಅಥವಾ ನೀರಿನಲ್ಲಿ ಅದ್ದಿಡಬೇಕು.

ಕಾಡತೂಸಿಗೆ ಎಣ್ಣೆ ತಾಕಿಸಲೇಬಾರದು. ತೆಳು ಎಣ್ಣೆ ಮದ್ದಿಗೆ ಕಿಡಿ ಕೊಡುವ ಬುಡದ ಕ್ಯಾಪಿನ ಸಂದಿಯಿಂದ ಒಳಗೆ ಇಳಿದು ಅದನ್ನು ಕೊಲ್ಲುತ್ತದೆ. ಚೇಂಬರಿನಲ್ಲಿ ಎಣ್ಣೆ ಉಳಿದರೆ ಹಿತ್ತಾಳೆ ಹಿಡಿತ ಕಳೆದುಕೊಂಡು ಬೋಲ್ಟಿನ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ನಾನು ಕಾಡತೂಸುಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಹಳೆಯದನ್ನು ಮೊದಲು ರೇಂಜಿನಲ್ಲಿ ಮುಗಿಸುತ್ತೇನೆ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡದ್ದನ್ನು ಬಳಸುವುದಿಲ್ಲ. ಟ್ರಿಗರ್ ಎಳೆದ ಮೇಲೆ ಸದ್ದು ಬಾರದಿದ್ದರೆ ಕೂಡಲೇ ಬೋಲ್ಟ್ ತೆರೆಯದೆ, ನಳಿಗೆಯನ್ನು ಮಣ್ಣಿನ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ತಡವಾಗಿ ಹೊತ್ತಿಕೊಳ್ಳುವ ಕಾಡತೂಸುಗಳು ತೇವದ ಕಾಲದಲ್ಲಿ ಇರುತ್ತವೆ.

ಮಳೆಯಲ್ಲಿ ನಡೆಯುವಾಗ ಬಾಯಿ ಕೆಳಗೆ ಮಾಡಿ ಹೆಗಲಿಗೆ ಹಾಕಿಕೊಳ್ಳುತ್ತೇನೆ, ಏಕೆಂದರೆ ನಳಿಗೆಯೊಳಗೆ ನೀರು ನಿಂತಿರುವಾಗ ಹೊಡೆದರೆ ನಳಿಗೆ ಉಬ್ಬುವ ಅಥವಾ ಒಡೆಯುವ ಸಾಧ್ಯತೆ ಇದೆ. ಚರ್ಮದ ಚೀಲ ನೋಡಲು ಚೆಂದ, ಆದರೆ ತೇವವನ್ನು ಹೀರಿ ಹಿಡಿದಿಟ್ಟುಕೊಂಡು ಕಬ್ಬಿಣಕ್ಕೆ ತುಕ್ಕು ಹತ್ತಿಸುತ್ತದೆ. ಮನೆಗೆ ಬಂದ ಕೂಡಲೇ ಹೊರತೆಗೆದು ಬೋಲ್ಟ್ ಬಿಚ್ಚಿ ಒಣಗಿಸುವುದು ರೂಢಿ. ಬೀಳಗಿಗೆ ಹೊರಟಾಗ ಇದೆಲ್ಲ ತಿರುವುಮುರುವಾಗುತ್ತದೆ. ಅಲ್ಲಿ ಎಣ್ಣೆ ಹೆಚ್ಚಾದರೆ ಎರೆ ಧೂಳು ಅದಕ್ಕೆ ಅಂಟಿ ಬೋಲ್ಟ್ ಬಿಗಿಯುತ್ತದೆ, ಆದ್ದರಿಂದ ಬಹುತೇಕ ಒಣಗಿಸಿಯೇ ಒಯ್ಯುತ್ತೇನೆ. ಕಾಡತೂಸಿನ ಡಬ್ಬಿಯನ್ನು ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಡುವುದಿಲ್ಲ, ಕಾದ ಮದ್ದಿನಲ್ಲಿ ಒತ್ತಡ ಏರುತ್ತದೆ.

ಚುನಾವಣೆ ಬಂದಾಗ ಆಯುಧವನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ, ಮತ್ತು ಅದು ಅಲ್ಲಿ ವಾರಗಟ್ಟಲೆ ಯಾರ ಕೈಯೂ ತಾಗದೆ ಇರುತ್ತದೆ. ಒಪ್ಪಿಸುವ ಮುನ್ನ ನಳಿಗೆಯ ಒಳಗೂ ಹೊರಗೂ ಗ್ರೀಸ್ ಹಚ್ಚಿ, ಸಂಖ್ಯೆ ನಮೂದಾದ ರಸೀದಿ ಪಡೆದುಕೊಳ್ಳುತ್ತೇನೆ. ಮರಳಿ ತಂದ ಮೇಲೆ ಗ್ರೀಸನ್ನು ಪೂರ್ತಿ ಒರೆಸಿ, ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಗುರಿ ಪರೀಕ್ಷಿಸದೆ ಗದ್ದೆಗೆ ಒಯ್ಯುವುದಿಲ್ಲ. ಎಣ್ಣೆ ಉಳಿದ ನಳಿಗೆಯ ಮೊದಲ ಗುಂಡು ಉಳಿದವುಗಳ ಜಾಗಕ್ಕೆ ಬೀಳದಿರುವುದು ಸಾಮಾನ್ಯ, ಅದನ್ನು ರೇಂಜಿನಲ್ಲಿಯೇ ತೀರಿಸಿಕೊಳ್ಳಬೇಕು.