ಝೋನ್ ಎರಡಿದ್ದವು, ಬೀಗ ಒಂದೇ: ಎರಡು ಅಕೌಂಟ್‌ಗಳ ಡೇಟಾಬೇಸ್ ಕಟ್ಟಿದ ನನ್ನ ಅನುಭವ

ಕ್ಲೌಡ್‌ನಲ್ಲಿ, ಅಂದರೆ ಬಾಡಿಗೆ ಸರ್ವರ್‌ಗಳಲ್ಲಿ, ನನ್ನ ಒಂದೇ ಡೇಟಾಬೇಸನ್ನು ಎರಡು ಬೇರೆ ಅಕೌಂಟ್‌ಗಳಲ್ಲಿ ಇಟ್ಟಿದ್ದೇನೆ, ಒಂದು ನಿಂತರೆ ಇನ್ನೊಂದು ನಡೆಯಲಿ ಅಂತ. ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೊನೆಗೆ ಕೇಳುವುದು ಅದನ್ನೇ. ಹೈದರಾಬಾದ್ ರೀಜನ್‌ನ (ಕ್ಲೌಡ್ ಕಂಪನಿಯ ಸರ್ವರ್‌ಗಳಿರುವ ಊರು) ಎರಡನೇ ಅಕೌಂಟ್‌ಗೆ ನನಗೆ ತಿಂಗಳಿಗೆ ಸುಮಾರು 2,700 ರೂಪಾಯಿ ಬೀಳುತ್ತಿತ್ತು, ಜಿಎಸ್‌ಟಿ ಸೇರಿ. ಮುಂಬೈಯ ಮೊದಲನೆಯದಕ್ಕೆ ಐದು ಸಾವಿರದ ಹತ್ತಿರ. ಇದನ್ನು ಸರಿಯಾಗಿ ನಿಲ್ಲಿಸುವ ಮೊದಲು ಕಳೆದುಕೊಂಡದ್ದು ಬೇರೆ. ಆ ದುಡ್ಡಿಗೆ ಒಂದು ಒಳ್ಳೆಯ ಲ್ಯಾಪ್‌ಟಾಪ್ ಬರುತ್ತಿತ್ತು.

ನನ್ನದೇನು ದೊಡ್ಡ ಕಂಪನಿಯಲ್ಲ. ಮಡಿಕೇರಿಯಲ್ಲಿ ಕೂತು ನಲವತ್ತು ಚಿಲ್ಲರೆ ಹೋಂಸ್ಟೇಗಳಿಗೆ ಬುಕಿಂಗ್ ಸಾಫ್ಟ್‌ವೇರ್ ನಡೆಸುತ್ತೇನೆ. ಜೊತೆಗೆ ಗೋಣಿಕೊಪ್ಪ, ಸುಂಟಿಕೊಪ್ಪ ಕಡೆಯ ಎಂಟೊಂಬತ್ತು ಕಾಫಿ ವ್ಯಾಪಾರಿಗಳ ಖರೀದಿ ಲೆಕ್ಕ: ಮೂಟೆ, ತೇವಾಂಶ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ), ಮುಂಗಡ. ಎಲ್ಲ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದೆ. ಒಟ್ಟು ಹನ್ನೊಂದೋ ಹನ್ನೆರಡೋ ಜಿಬಿ.

ಎರಡನೇ ಅಕೌಂಟ್ ಯಾಕೆ ಬೇಕಾಯಿತು ಅಂದರೆ, ಒಂದು ಜನವರಿಯಲ್ಲಿ ನನ್ನ ಮೊದಲ ಅಕೌಂಟ್ ಲಾಕ್ ಆಯಿತು. ತಪ್ಪು ನನ್ನದೇ. ಕಾರ್ಡ್ ಬದಲಾಗಿತ್ತು, ಹೊಸ ನಂಬರ್ ಹಾಕಿರಲಿಲ್ಲ. ಬಿಲ್ ಫೇಲ್ ಆದ ಮೇಲ್‌ಗಳೆಲ್ಲ ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೆಯ ವಿಳಾಸಕ್ಕೆ ಹೋಗುತ್ತಿದ್ದವು. ಶುಕ್ರವಾರ ಸಂಜೆ ಎಲ್ಲ ನಿಂತಿತು. ಶನಿವಾರ ಬೆಳಿಗ್ಗೆ ಹೋಂಸ್ಟೇಯವರ ಫೋನ್ ಮೇಲೆ ಫೋನ್. ಯಾರು ಬರುತ್ತಾರೆ, ಯಾವ ರೂಮು, ಎಷ್ಟು ಅಡ್ವಾನ್ಸ್, ಯಾರಿಗೂ ಗೊತ್ತಿಲ್ಲ. ಒಬ್ಬರ ಮನೆಯಲ್ಲಿ ವಿದೇಶಿ ಅತಿಥಿಗಳು. ಅವರು ಬಂದದ್ದನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ಸಿ 24 ಗಂಟೆಯೊಳಗೆ ಹೋಗಬೇಕಿತ್ತು, ಅವರ ಪಾಸ್‌ಪೋರ್ಟ್ ವಿವರ ನನ್ನ ಡೇಟಾಬೇಸ್‌ನೊಳಗೆ. ಹತ್ತೊಂಬತ್ತು ಗಂಟೆ ಹಾಗೇ ಕಳೆಯಿತು.

ನಾನು ಡಬಲ್ ದುಡ್ಡು ಕೊಟ್ಟು ಎರಡು ಝೋನ್‌ನಲ್ಲಿ, ಅಂದರೆ ಒಂದೇ ರೀಜನ್‌ನ ಎರಡು ಬೇರೆ ಸರ್ವರ್ ಕೇಂದ್ರಗಳಲ್ಲಿ, ಡೇಟಾಬೇಸ್ ಇಟ್ಟಿದ್ದೆ. ದಿನಾ ಬ್ಯಾಕಪ್ ಕೂಡ ಆಗುತ್ತಿತ್ತು. ಆದರೆ ಎಲ್ಲವೂ ಅದೇ ಅಕೌಂಟ್‌ನಲ್ಲಿ. ಬಾಗಿಲಿಗೆ ಬೀಗ ಬಿದ್ದಾಗ ಒಳಗೆ ಎಷ್ಟು ಕೋಣೆ ಇದ್ದರೇನು?

ಬೆಂಗಳೂರಿನಲ್ಲಿ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವ) ಆಗಿರುವ ಸ್ನೇಹಿತನಿಗೆ ಹೇಳಿದೆ. "ಮಗಾ, ಕಾರ್ಡ್ ಸರಿಯಾಗಿ ಇಟ್ಕೋ, ಅಷ್ಟೇ. ಅಕೌಂಟ್ ದಾಟಿಸಿ ರೆಪ್ಲಿಕೇಶನ್ ಮಾಡೋಕೆ ಹೋದ್ರೆ ದಿನಾ ಅದನ್ನೇ ನೋಡ್ಕೊಂಡು ಕೂರ್ಬೇಕಾಗುತ್ತೆ" ಅಂದ. ರೆಪ್ಲಿಕೇಶನ್ ಅಂದರೆ ಒಂದು ಡೇಟಾಬೇಸ್‌ನ ಬದಲಾವಣೆಗಳನ್ನು ಆಗಾಗಲೇ ಇನ್ನೊಂದಕ್ಕೆ ಕಳಿಸಿ ನಕಲು ಇಡುವುದು. ಅವನ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಕನ್ಸೋಲ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಿಗುವ ರೀಡ್ ರೆಪ್ಲಿಕಾ (ಓದಲಷ್ಟೇ ಬರುವ ನಕಲು) ನಮ್ಮ ಕ್ಲೌಡ್‌ನಲ್ಲಿ ಅಕೌಂಟ್ ದಾಟುವುದಿಲ್ಲ. ಹಾಗಾಗಿ ಪೋಸ್ಟ್‌ಗ್ರೆಸ್‌ನದೇ ಲಾಜಿಕಲ್ ರೆಪ್ಲಿಕೇಶನ್ ಹಿಡಿದೆ. ಮುಂಬೈಯಲ್ಲಿ ಪಬ್ಲಿಕೇಶನ್ (ಕಳಿಸುವ ಕಡೆ), ಹೈದರಾಬಾದ್‌ನಲ್ಲಿ ಸಬ್‌ಸ್ಕ್ರಿಪ್ಶನ್ (ಪಡೆಯುವ ಕಡೆ). ಹೊಸ ಅಕೌಂಟ್‌ಗೆ ಬೇರೆ ಕಾರ್ಡ್, ಬೇರೆ ಮೇಲ್, ಒಟಿಪಿಗೆ ಹೆಂಡತಿಯ ಫೋನ್. ಎರಡನ್ನೂ ಒಂದೇ ಬಿಲ್ಲಿಂಗ್ ಅಡಿ ಸೇರಿಸಬೇಡಿ. ಸೇರಿಸಿದರೆ ಇಷ್ಟೆಲ್ಲ ಮಾಡಿದ್ದು ದಂಡ.

ನೆಟ್‌ವರ್ಕ್‌ನಲ್ಲೇ ಮೊದಲ ಪೆಟ್ಟು. ಎರಡೂ ಅಕೌಂಟ್‌ನಲ್ಲಿ ಡೀಫಾಲ್ಟ್ ನೆಟ್‌ವರ್ಕ್, ಎರಡಕ್ಕೂ ಒಂದೇ ಐಪಿ ರೇಂಜ್. ಪಿಯರಿಂಗ್, ಅಂದರೆ ಎರಡೂ ನೆಟ್‌ವರ್ಕ್ ಜೋಡಿಸುವುದು, ಆಗಲೇ ಇಲ್ಲ. ಸುತ್ತಿ ಬಳಸಿ ಹೋಗೋಣ ಅಂತ ಒಂದು ನ್ಯಾಟ್ ಗೇಟ್‌ವೇ (ಒಳಗಿನ ನೆಟ್‌ವರ್ಕ್‌ನಿಂದ ಹೊರಗಿನ ಇಂಟರ್‌ನೆಟ್‌ಗೆ ದಾರಿ) ಎಬ್ಬಿಸಿದೆ. ಅದು ಸುಮ್ನೆ ನಿಂತಿದ್ದರೂ ಗಂಟೆ ಲೆಕ್ಕದಲ್ಲಿ ದುಡ್ಡು ತಿನ್ನುತ್ತದೆ. ಎರಡು ತಿಂಗಳು, ತಿಂಗಳಿಗೆ ಮೂರು ಸಾವಿರದ ಮೇಲೆ. ಬಿಲ್ ನೋಡಿದ ದಿನವೇ ಕಿತ್ತು ಹಾಕಿ, ಹೈದರಾಬಾದ್‌ನಲ್ಲಿ ಬೇರೆ ರೇಂಜ್ ಹಾಕಿ ಹೊಸ ನೆಟ್‌ವರ್ಕ್ ಮಾಡಿದೆ. ಅರ್ಧ ಗಂಟೆಯ ಕೆಲಸ!

ಎರಡನೆಯದು ಮಳೆಯ ಟೇಬಲ್. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ತೋಟ ಇದ್ದವರ ಮನೆಯಲ್ಲೆಲ್ಲ ಮಳೆ ಅಳೆಯುತ್ತಾರೆ, ಇಂಚು ಮತ್ತು ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ). "ನಿನ್ನೆ ನಿಮ್ಮಲ್ಲಿ ಎಷ್ಟು?" ಅಂತ ಕೇಳಿದರೆ "ಎರಡು ಇಂಚು ನಲವತ್ತು" ಅನ್ನುತ್ತಾರೆ. ನಾಪೋಕ್ಲು ಕಡೆಯ ಒಬ್ಬ ಅಂಕಲ್ ಹೇಳಿದರು ಅಂತ, ತಮಾಷೆಗೆ ಒಂದು ಮಳೆ ಟೇಬಲ್ ಮಾಡಿಕೊಟ್ಟಿದ್ದೆ. ಅವಸರದಲ್ಲಿ ಮಾಡಿದ್ದು, ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಬೇರೆ ಬೇರೆ ನಂಬರ್) ಹಾಕಿರಲಿಲ್ಲ. ಎಲ್ಲ ಟೇಬಲ್ ಸೇರಿಸಿ ಪಬ್ಲಿಕೇಶನ್ ಮಾಡಿದ ಮರುದಿನವೇ ಅಂಕಲ್ ಫೋನ್: "ಏನಪ್ಪಾ, ತಪ್ಪು ಹಾಕಿದ ಮಳೆ ತಿದ್ದೋಕೇ ಆಗ್ತಿಲ್ವಲ್ಲ?" ಹೊಸ ಸಾಲು ಹೋಗುತ್ತದೆ, ಹಳೆಯ ಸಾಲು ತಿದ್ದಲು ಆಗುವುದಿಲ್ಲ. ಕೀ ಇಲ್ಲದ ಟೇಬಲನ್ನು ಪಬ್ಲಿಕೇಶನ್‌ಗೆ ಸೇರಿಸಿದರೆ, ಅದರಲ್ಲಿ ಅಪ್‌ಡೇಟ್ ಮಾಡಲು ಮೂಲ ಡೇಟಾಬೇಸೇ ಬಿಡುವುದಿಲ್ಲ. ನಕಲು ಕೆಡಬಹುದು ಅಂದುಕೊಂಡಿದ್ದೆ, ಅಸಲಿಗೇ ತೊಂದರೆಯಾಗುತ್ತದೆ ಅಂತ ಹೊಳೆದಿರಲಿಲ್ಲ. ನಿಮ್ಮಲ್ಲೂ ಇಂಥ ಒಂದು ಟೇಬಲ್ ಮೂಲೆಯಲ್ಲಿ ಇದ್ದೇ ಇರುತ್ತದೆ, ಮೊದಲು ಹುಡುಕಿ.

ಈಗ ಎಲ್ಲಕ್ಕಿಂತ ನಾಚಿಕೆಯ ಕಥೆ. ಹೈದರಾಬಾದ್ ಸಾಲದು ಅಂತ ಮನೆಯ ಹಳೆಯ ಕಂಪ್ಯೂಟರ್‌ನಲ್ಲಿ ಮೂರನೇ ನಕಲು ಇಟ್ಟೆ. ಖರ್ಚಿಲ್ಲ, ಕಣ್ಣೆದುರೇ ಇರುತ್ತದೆ ಅಂತ. ಜೂನ್‌ನ ಗಾಳಿಗೆ ನಮ್ಮ ಕಡೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು. ನಾಲ್ಕು ದಿನ ಕರೆಂಟ್ ಇಲ್ಲ. ಮಳೆಗಾಲದಲ್ಲಿ ಇದು ಮಾಮೂಲು, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೇ ದಿನ ಮುಂಬೈ ಡೇಟಾಬೇಸ್‌ನಿಂದ ಎಚ್ಚರಿಕೆ ಬಂತು: ಡಿಸ್ಕ್ ತುಂಬುತ್ತಿದೆ.

ಆಗಿದ್ದು ಏನು ಅಂದರೆ, ಮನೆಯ ನಕಲಿಗೆ ಒಂದು ರೆಪ್ಲಿಕೇಶನ್ ಸ್ಲಾಟ್ ಇತ್ತು, ಅಂದರೆ ನಕಲು ಎಲ್ಲಿಯವರೆಗೆ ಓದಿದೆ ಅನ್ನುವ ಗುರುತು. ಆ ಕಡೆಯವನು ಓದುವವರೆಗೂ ಸ್ಲಾಟ್ ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆ ಬರೆದಿಡುವ ಲಾಗ್) ಅಳಿಸಲು ಬಿಡುವುದಿಲ್ಲ. ನಮ್ಮ ಮ್ಯಾನೇಜ್ಡ್ (ಕ್ಲೌಡ್ ಕಂಪನಿಯೇ ನಡೆಸುವ) ಪೋಸ್ಟ್‌ಗ್ರೆಸ್‌ನಲ್ಲಿ ಕೆಲಸ ಇರಲಿ ಬಿಡಲಿ, ಐದು ನಿಮಿಷಕ್ಕೊಂದು ವಾಲ್ ಫೈಲ್ ತಿರುಗುತ್ತದೆ. ಒಂದೊಂದು 64 ಎಂಬಿ. ದಿನಕ್ಕೆ 288 ಫೈಲ್, ಹದಿನೆಂಟು ಜಿಬಿ ಚಿಲ್ಲರೆ. ನನ್ನ ಡಿಸ್ಕ್‌ನಲ್ಲಿ ಐವತ್ತು ಜಿಬಿ ಖಾಲಿ ಇದ್ದಿರಬೇಕು. ಗಾಳಿಬೀಡು ರಸ್ತೆಯಲ್ಲಿ ಮರ ಬಿದ್ದದ್ದಕ್ಕೆ ಮುಂಬೈಯಲ್ಲಿ ಡಿಸ್ಕ್ ತುಂಬಿತು! ಫೋನ್ ಹಾಟ್‌ಸ್ಪಾಟ್ ಹಾಕಿ, ಕಾರಿನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಆ ಸ್ಲಾಟ್ ಕಿತ್ತು ಹಾಕಿದೆ.

ಅವತ್ತಿನಿಂದ ಸ್ಲಾಟ್ ಎಷ್ಟು ವಾಲ್ ಹಿಡಿದಿಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಹಾಕಿದ್ದೇನೆ. ಪೋಸ್ಟ್‌ಗ್ರೆಸ್ 13ರಿಂದ ಆ ಸೆಟ್ಟಿಂಗ್ ಇದೆ. ನನ್ನದು ಇಪ್ಪತ್ತು ಜಿಬಿ. ಅಷ್ಟು ದಾಟಿದರೆ ಸ್ಲಾಟ್ ಕೆಡುತ್ತದೆ, ನಕಲನ್ನು ಮೊದಲಿಂದ ಮಾಡಬೇಕು. ಆಗಲಿ. ನಕಲು ಸತ್ತರೂ ಅಸಲು ಬದುಕಬೇಕು. ಮನೆಯ ಕಂಪ್ಯೂಟರ್ ಈಗ ಮಗಳ ಆಟಕ್ಕೆ.

ಟೇಬಲ್‌ಗೆ ಹೊಸ ಕಾಲಂ ಸೇರಿಸಿದರೆ ಅದು ತಾನಾಗಿ ಆ ಕಡೆ ಹೋಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿದ್ದೂ ನಾನು ಎರಡು ಸಲ ಮರೆತೆ. ಮೊದಲು ನಕಲಿನಲ್ಲಿ ಸೇರಿಸಿ, ಆಮೇಲೆ ಅಸಲಿನಲ್ಲಿ. ಇನ್ನೊಂದು ಸಲ ಹೈದರಾಬಾದ್‌ನಲ್ಲಿ ಸುಮ್ನೆ ಪರೀಕ್ಷೆಗೆ ಒಂದು ಬುಕಿಂಗ್ ಹಾಕಿ ನೋಡಿದೆ. ಸಬ್‌ಸ್ಕ್ರೈಬರ್ (ನಕಲಿನ ಕಡೆ) ಬರೆಯಲು ಬಿಡುತ್ತದೆ, ಅದೇ ಅದರ ಕೇಡು. ಸ್ವಲ್ಪ ಹೊತ್ತಿಗೆ ಮುಂಬೈಯಿಂದ ಅದೇ ನಂಬರ್ ಬಂತು, ಡಿಕ್ಕಿ ಹೊಡೆಯಿತು, ರೆಪ್ಲಿಕೇಶನ್ ನಿಂತಿತು. ಆಮೇಲಿಂದ ನಕಲಿನ ಕಡೆ ಆಪ್‌ನ ಯೂಸರ್‌ಗೆ ಓದುವ ಹಕ್ಕು ಮಾತ್ರ.

ನಂಬರ್ ಅಂದಾಗ ನೆನಪಾಯಿತು. ಸೀಕ್ವೆನ್ಸ್, ಅಂದರೆ ಮುಂದಿನ ನಂಬರ್ ಕೊಡುವ ಎಣಿಕೆ, ರೆಪ್ಲಿಕೇಟ್ ಆಗುವುದಿಲ್ಲ. ಮೊದಲ ಡ್ರಿಲ್‌ನಲ್ಲಿ (ಅಣಕು ಪರೀಕ್ಷೆ) ಹೈದರಾಬಾದ್‌ಗೆ ತಿರುಗಿಸಿದ ಕೂಡಲೇ ಬುಕಿಂಗ್ ನಂಬರ್ 1ರಿಂದ ಶುರುವಾಗಿ ಎರರ್ ಸುರಿಯಿತು. ಯುಯುಐಡಿ (ಎಲ್ಲೂ ಮರುಕಳಿಸದ ಉದ್ದನೆಯ ಗುರುತು) ಹಾಕು ಅಂತ ಸ್ನೇಹಿತ ಹೇಳಿದ. ಕಕ್ಕಬ್ಬೆಯ ಹೋಂಸ್ಟೇ ಆಂಟಿಗೆ ನೆಟ್‌ವರ್ಕ್ ಕಡಿದು ಕಡಿದು ಬರುವ ಫೋನಿನಲ್ಲಿ 36 ಅಕ್ಷರ ಓದಿ ಹೇಳುವುದು ಅವನೇ ಬಂದು ಮಾಡಲಿ. ನಾನು ಮುಂಬೈಗೆ ಬೆಸ, ಹೈದರಾಬಾದ್‌ಗೆ ಸಮ ಸಂಖ್ಯೆ ಕೊಟ್ಟೆ. ಎರಡೆರಡು ಹೆಜ್ಜೆ ಏರುತ್ತದೆ, ಯಾವತ್ತೂ ಡಿಕ್ಕಿಯಿಲ್ಲ.

ಆದರೆ ಕಾಫಿ ವ್ಯಾಪಾರಿಗಳ ಬಿಲ್ಲಿಗೆ ಈ ಆಟ ನಡೆಯಲಿಲ್ಲ. ಜಿಎಸ್‌ಟಿ ಬಿಲ್ ನಂಬರ್ ಒಂದರ ಹಿಂದೆ ಒಂದು ಬರಬೇಕು. 101, 103, 105 ನೋಡಿ ಅವರ ಅಕೌಂಟೆಂಟ್ "ಮಧ್ಯದ ಬಿಲ್ ಎಲ್ಲಿ ಮುಚ್ಚಿಟ್ರಿ?" ಅಂತ ಕೇಳಿದರು. ಒಂದಕ್ಕಿಂತ ಜಾಸ್ತಿ ಸರಣಿ ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಹೈದರಾಬಾದ್ ಚಾಲೂ ಇರುವಾಗ ಬಿಲ್ಲಿಗೆ ಬೇರೆ ಅಕ್ಷರದ ಸರಣಿ, ಅದರೊಳಗೆ ಒಂದೂ ತಪ್ಪದ ಹಾಗೆ. ಈ ಉಪಾಯಕ್ಕೆ ನನಗೇ ನಾನು ಬೆನ್ನು ತಟ್ಟಿಕೊಂಡಿದ್ದೇನೆ.

ಆಮೇಲೆ ಅತಿ ಬುದ್ಧಿವಂತಿಕೆ ಮಾಡಿದೆ: ತಾನಾಗಿ ಫೇಲ್‌ಓವರ್, ಅಂದರೆ ಅಸಲು ನಿಂತರೆ ನಕಲಿಗೆ ತಿರುಗುವುದು. ಹೈದರಾಬಾದ್‌ನಲ್ಲೇ ಒಂದು ಚಿಕ್ಕ ಸ್ಕ್ರಿಪ್ಟ್. ಮುಂಬೈ 90 ಸೆಕೆಂಡ್ ಉತ್ತರ ಕೊಡದಿದ್ದರೆ ಅದೇ ಹೈದರಾಬಾದನ್ನು ಮುಖ್ಯ ಮಾಡುತ್ತದೆ. ಮಡಿಕೇರಿ ದಸರಾ ವಾರ, ಎಲ್ಲ ಕಡೆ ರೂಮು ಫುಲ್. ಮುಂಬೈ, ಹೈದರಾಬಾದ್ ಮಧ್ಯೆ ಮಾತ್ರ ಎರಡು ನಿಮಿಷ ನೆಟ್‌ವರ್ಕ್ ಕೈಕೊಟ್ಟಿತು. ಮುಂಬೈ ಆರಾಮಾಗಿತ್ತು, ಸ್ಕ್ರಿಪ್ಟ್ ಮಾತ್ರ ಅದು ಸತ್ತಿತು ಅಂದುಕೊಂಡಿತು. ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಸರ್ವರ್ ವಿಳಾಸ ಹುಡುಕುವ ವ್ಯವಸ್ಥೆ) ಹಳೆಯ ವಿಳಾಸ 60 ಸೆಕೆಂಡ್ ಮಾತ್ರ ನೆನಪಿಡು ಅಂತ ಹಾಕಿದ್ದೆ, ಆದರೆ ಆಪ್‌ನ ಹಳೆಯ ಕನೆಕ್ಷನ್‌ಗಳು ಅದನ್ನೆಲ್ಲ ಕೇಳುತ್ತವೆಯೇ? ಅರ್ಧ ಬುಕಿಂಗ್ ಮುಂಬೈಗೆ, ಅರ್ಧ ಹೈದರಾಬಾದ್‌ಗೆ. ನನಗೆ ಗೊತ್ತಾಗಿದ್ದು ಬೆಳಿಗ್ಗೆ. ಬೆಸ ಸಮ ಇದ್ದದ್ದರಿಂದ ನಂಬರ್ ಡಿಕ್ಕಿಯಾಗಲಿಲ್ಲ, ಆದರೆ ರೂಮು ಡಿಕ್ಕಿಯಾಯಿತು. ದಸರೆಯ ದಶಮಂಟಪ ಮೆರವಣಿಗೆ ನೋಡಲು ಬಂದ ಎರಡು ಕುಟುಂಬ ಒಂದೇ ರೂಮಿನ ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತವು. ಆಂಟಿ ಪಾಪ, ತಮ್ಮ ಮಲಗುವ ಕೋಣೆ ಬಿಟ್ಟುಕೊಟ್ಟರು. ಅಂಥವು ಒಟ್ಟು ಐದಾರು. ವಾಪಸ್ ಕೊಟ್ಟ ದುಡ್ಡು ಹದಿನಾಲ್ಕು ಸಾವಿರದ ಆಸುಪಾಸು, ಎಲ್ಲ ನನ್ನ ಜೇಬಿನಿಂದ.

ಆವತ್ತೇ ಆಟೋಮ್ಯಾಟಿಕ್ ತೆಗೆದೆ. ಈಗ ಗುಂಡಿ ಒತ್ತುವುದು ಮನುಷ್ಯ, ಅಂದರೆ ನಾನು. ಮೂರು ಬೇರೆ ಬೇರೆ ಜಾಗದಿಂದ ಮುಖ್ಯ ಡೇಟಾಬೇಸ್ ನೋಡುತ್ತೇನೆ, ಮೂರೂ ಇಲ್ಲ ಅಂದರೆ ಮಾತ್ರ ಫೋನ್ ಹೊಡೆದುಕೊಳ್ಳುತ್ತದೆ. ಇನ್ನು ನಕಲನ್ನು ಎಬ್ಬಿಸುವ ಮೊದಲು ಹಳೆಯದನ್ನು ಕಟ್ಟಿ ಹಾಕಬೇಕು. ಹಳೆಯದು ಕೈಗೇ ಸಿಗದಿದ್ದರೆ ಕಟ್ಟುವುದು ಹೇಗೆ? ಅದಕ್ಕೆ ಡೇಟಾಬೇಸ್ ಮುಟ್ಟದೆ ಆಪ್ ಕಡೆಯಿಂದ ಕಟ್ಟುತ್ತೇನೆ. ಎರಡೂ ಅಕೌಂಟ್‌ಗೆ ಸಂಬಂಧವಿಲ್ಲದ ಮೂರನೇ ಜಾಗದಲ್ಲಿ ಒಂದೇ ಒಂದು ಅಂಕೆ ಇದೆ. ಬರೆಯುವ ಮುಂಚೆ ಆಪ್ ಅದನ್ನು ನೋಡುತ್ತದೆ. ತನ್ನ ಅಂಕೆ ಹಳೆಯದಾಗಿದ್ದರೆ ಬರೆಯುವುದಿಲ್ಲ. ಪ್ರತಿ ಬುಕಿಂಗ್‌ಗೂ ಹೋಗಿ ನೋಡಿದರೆ ನಿಧಾನ ಆಗುವುದಿಲ್ಲವಾ ಅಂತ ಕೇಳುತ್ತೀರಿ. ಆಗುವುದಿಲ್ಲ. ಯಾಕೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ನಿಜವಾದ ಪರೀಕ್ಷೆ ಬಂದದ್ದು ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ. ಮಧ್ಯಾಹ್ನ ಮುಂಬೈಯ ಮೆಮೊರಿ ಸೆಟ್ಟಿಂಗ್ ಬದಲಿಸಿ, ರಾತ್ರಿ ರೀಸ್ಟಾರ್ಟ್ ಆಗಲಿ ಅಂತ ಬಿಟ್ಟಿದ್ದೆ. ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ಡೇಟಾಬೇಸ್ ಮಲಗಿದ್ದು ಏಳಲಿಲ್ಲ. ನಾನು ಸ್ನೇಹಿತನ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ). ಹಬ್ಬದ ಎಲೆಗಳ ನೆರೆ ಕಟ್ಟಿ ಆಗಿತ್ತು, ಭತ್ತದ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಇಳಿಯುತ್ತಿದ್ದರು. ಮುಹೂರ್ತ ನಿಮಿಷದ ಲೆಕ್ಕದ್ದು, ನನಗೋಸ್ಕರ ನಿಲ್ಲುತ್ತದಾ? ಗದ್ದೆ ಬದುವಿನ ಮೇಲೆ ಎರಡು ಕಡ್ಡಿ ನೆಟ್‌ವರ್ಕ್ ಸಿಕ್ಕಿತು. ಅಂಕೆ ಬದಲಿಸಿದೆ, ಸಬ್‌ಸ್ಕ್ರಿಪ್ಶನ್ ನಿಲ್ಲಿಸಿದೆ, ಬರೆಯುವ ಹಕ್ಕು ಕೊಟ್ಟೆ, ಆಪ್‌ನ ಕನೆಕ್ಷನ್‌ಗಳನ್ನು ಹಿಡಿದಿರುವ ಪೂಲರನ್ನು ಹೈದರಾಬಾದ್‌ಗೆ ತಿರುಗಿಸಿದೆ. ಆ ಕಡೆ ಗುಂಡು ಹಾರಿತು, "ಪೊಲಿ ಪೊಲಿ ದೇವಾ" ಕೇಳಿಸಿತು. ಈ ಕಡೆ ಮೊದಲ ಸಮ ಸಂಖ್ಯೆಯ ಬುಕಿಂಗ್ ಬಂತು. ನಾಲ್ಕೋ ಐದೋ ನಿಮಿಷ. ಆಮೇಲೆ ಮುಂಬೈ ಎಬ್ಬಿಸಿ ತಾಳೆ ನೋಡಿದೆ, ಒಂದು ಸಾಲೂ ಕಳೆದಿರಲಿಲ್ಲ. ಸರಿಯಾಗಿ ಶಟ್‌ಡೌನ್ ಆಗಿದ್ದರಿಂದ ಬಾಕಿಯಿದ್ದ ವಾಲ್ ಎಲ್ಲ ಕಳಿಸಿಯೇ ಅದು ಮಲಗಿತ್ತು. ಧಡಕ್ಕನೆ ಸತ್ತಿದ್ದರೆ ಕೊನೆಯ ಎರಡು ಮೂರು ಸೆಕೆಂಡ್ ಹೋಗುತ್ತಿತ್ತು, ಅದನ್ನು ನಾನು ಒಪ್ಪಿಕೊಂಡೇ ಇದ್ದೇನೆ.

ಮುಂಬೈಗೆ ವಾಪಸ್ ಹೋಗುವುದಕ್ಕೆ ಮೂರು ರಾತ್ರಿ ಒದ್ದಾಡಿದೆ. ಇರುವ ಡೇಟಾ ಮತ್ತೆ ಕಾಪಿ ಬೇಡ ಅಂತ ಹೇಳಿ, ಹೈದರಾಬಾದ್‌ನಿಂದ ಮುಂಬೈಗೆ ಉಲ್ಟಾ ಸಬ್‌ಸ್ಕ್ರಿಪ್ಶನ್ ಕಟ್ಟುವುದು ಪುಸ್ತಕದಲ್ಲಿ ಸುಲಭ. ಆದರೆ ಬರೆಯಲು ಬಿಡುವ ಮೊದಲೇ ಹೈದರಾಬಾದ್‌ನಲ್ಲಿ ಸ್ಲಾಟ್ ಮಾಡಿರಬೇಕು. ಗದ್ದೆ ಬದುವಿನಲ್ಲಿ ಅದು ಯಾರಿಗೆ ನೆನಪಿರುತ್ತದೆ? ಕೊನೆಗೆ ಹಠ ಬಿಟ್ಟೆ. ಮುಂಬೈ ಖಾಲಿ ಮಾಡಿ ಹೈದರಾಬಾದ್‌ನಿಂದ ಹೊಸದಾಗಿ ತುಂಬಿದೆ, ಮುಕ್ಕಾಲು ಗಂಟೆ ಹಿಡಿಯಿತು. ಈಗ ಹೈದರಾಬಾದೇ ಮುಖ್ಯ, ಮುಂಬೈ ಹಿಂಬಾಲಕ. ಮಷೀನ್ ಸೈಜ್ ಅದಲು ಬದಲು ಮಾಡಿದ್ದರಿಂದ ಒಟ್ಟು ಬಿಲ್ ಹೆಚ್ಚುಕಮ್ಮಿ ಅಷ್ಟೇ. ಸ್ನೇಹಿತ ಸ್ಕ್ರಿಪ್ಟ್ ಕೇಳಿದ್ದಾನೆ. ಕಕ್ಕಬ್ಬೆಗೆ ಬಂದು ಆಂಟಿಗೆ ಒಂದು ಯುಯುಐಡಿ ಓದಿ ಹೇಳಲಿ, ಕೊಡುತ್ತೇನೆ.

ಅತಿಥಿಗಳ ಗುರುತಿನ ಚೀಟಿಯ ಫೋಟೊಗಳು ಮಾತ್ರ ಇನ್ನೂ ಮುಂಬೈಯ ಒಂದೇ ಸ್ಟೋರೇಜ್‌ನಲ್ಲಿ ಕೂತಿವೆ. ಅವನ್ನು ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವುದರೊಳಗೆ ದಾಟಿಸಬೇಕು ಅಂದುಕೊಂಡಿದ್ದೆ. ಹೂ ಮಳೆ ಮೊನ್ನೆಯೇ ಬಿತ್ತು, ಅಂಕಲ್ ಟೇಬಲ್‌ನಲ್ಲಿ ಒಂದು ಇಂಚು ಹತ್ತು ಸೆಂಟ್ ಅಂತಿದೆ.